ದಿಗ್ವ್ರತವೂ ದೂರದೇಶದ ವಿಹಾರವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಇಂದು ಹೆಚ್ಚು ಮರೆವಿಗೆ ಸಂದಿರುವುದು ಯಾವುದೆಂದು ಕೇಳಿದರೆ ದಿಗ್ವ್ರತವೆಂದೇ ಹೇಳಬೇಕಾಗುತ್ತದೆ. ಅಹಿಂಸೆಯ ಮಾತನ್ನು ಎಲ್ಲರೂ ಆಡುತ್ತಾರೆ. ಅಪರಿಗ್ರಹದ ಮೇಲೆ ಭಾಷಣಗಳಾಗುತ್ತವೆ. ರಾತ್ರಿಭೋಜನ ತ್ಯಾಗವನ್ನು ಎಷ್ಟೋ ಮನೆಗಳು ಇಂದಿಗೂ ಉಳಿಸಿಕೊಂಡಿವೆ. ಆದರೆ ಇಂಥ ದಿಕ್ಕಿನಲ್ಲಿ ಇಂಥ ಎಲ್ಲೆಯನ್ನು ಮೀರಿ ಹೋಗುವುದಿಲ್ಲವೆಂದು ಹತ್ತು ದಿಕ್ಕುಗಳಿಗೂ ಮಿತಿ ಹಾಕಿಕೊಂಡ ಗೃಹಸ್ಥನು ಈಗ ಎಲ್ಲಿ ಸಿಕ್ಕಾನು? ಪಾಠಶಾಲೆಯ ಮಕ್ಕಳು ಆ ವ್ರತದ ಲಕ್ಷಣವನ್ನೂ ಐದು ಅತಿಚಾರಗಳನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಸಂಜೆ ಮನೆಯಲ್ಲಿ ತಂದೆತಾಯಿಗಳು ಭೂಪಟ ಹರಡಿಕೊಂಡು ಮುಂದಿನ ರಜೆಗೆ ಯಾವ ಖಂಡಕ್ಕೆ ಹೋಗುವುದೆಂದು ಚರ್ಚಿಸುತ್ತಿರುತ್ತಾರೆ. ಎರಡರ ನಡುವೆ ಏನಾದರೂ ಸಂಬಂಧವಿದೆಯೆಂದು ಮಕ್ಕಳಿಗೂ ತೋರುವುದಿಲ್ಲ, ಹಿರಿಯರಿಗೂ ತೋರುವುದಿಲ್ಲ.

ಈ ಸಂಬಂಧವನ್ನು ಒಂದು ನಿದರ್ಶನವಿಟ್ಟುಕೊಂಡು ವಿಚಾರಿಸುವುದು ಒಳ್ಳೆಯದು. ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡಿಕೊಂಡಿರುವ ಒಂದು ಜೈನ ಕುಟುಂಬವನ್ನು ಭಾವಿಸಿಕೊಳ್ಳಬಹುದು. ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗ, ಒಂಬತ್ತು ವರ್ಷದ ಮಗಳು. ಊಟಿ, ಕಾಶ್ಮೀರ, ಸಿಂಗಪುರಗಳು ಮುಗಿದಿವೆ. ಈ ಬಾರಿ ಪೂರ್ವ ಆಫ್ರಿಕದ ಕೆನ್ಯಾ ದೇಶಕ್ಕೆ ಹೋಗಿ, ಮಸಾಯಿ ಮಾರಾ ಎಂಬ ಹುಲ್ಲುಗಾವಲಿನಲ್ಲಿ ಸಿಂಹ, ಆನೆ, ಜಿರಾಫೆಗಳನ್ನು ತೆರೆದ ಜೀಪಿನಿಂದ ನೋಡಬೇಕೆಂಬುದು ಅವರ ಅಭಿಲಾಷೆ. ಇದು ತೀರ್ಥಯಾತ್ರೆಯಲ್ಲ, ವ್ಯಾಪಾರವಲ್ಲ, ಬಂಧುಗಳ ಭೇಟಿಯೂ ಅಲ್ಲ. ಶುದ್ಧ ವಿಹಾರ, ಸ್ವಲ್ಪ ಸಾಹಸವೂ ಬೇಕೆಂಬ ಹಂಬಲ. ಹೀಗೆ ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ದಾಟುವ ಯೋಜನೆಯಲ್ಲಿ ಶ್ರಾವಕಧರ್ಮಕ್ಕೆ ಹೇಳಲು ಏನಿದೆ?

ಏನೂ ಇಲ್ಲ, ಕಾಲ ಬದಲಾಗಿದೆ ಎನ್ನುವವರಿದ್ದಾರೆ. ಹೋಗಲೇಬಾರದು, ಆ ಹಣದಲ್ಲಿ ಶ್ರವಣಬೆಳಗೊಳಕ್ಕೋ ಸಮ್ಮೇದ ಶಿಖರಜಿಗೋ ಕರೆದುಕೊಂಡು ಹೋಗಿ ಎನ್ನುವ ಹಿರಿಯರೂ ಇದ್ದಾರೆ. ಎರಡೂ ಉತ್ತರಗಳು ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಕೊಟ್ಟವು. ತೀರ್ಥಕ್ಷೇತ್ರವನ್ನು ವಿಹಾರಕ್ಕೆ ಪರ್ಯಾಯವಾಗಿ ಮುಂದಿಡುವುದು ತೀರ್ಥಕ್ಷೇತ್ರಕ್ಕೇ ಗೌರವವಲ್ಲ. ಹಾಗೆ ಹೋದ ಮಕ್ಕಳು ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಎಣಿಸುತ್ತಾರೆಯೇ ಹೊರತು ಬಾಹುಬಲಿಸ್ವಾಮಿಯನ್ನು ನೋಡುವುದಿಲ್ಲ.

ದಿಗ್ವ್ರತದ ಉದ್ದೇಶವನ್ನು ಮೊದಲು ಸರಿಯಾಗಿ ತಿಳಿಯಬೇಕು. ಅದು ಪ್ರಯಾಣವನ್ನು ನಿಷೇಧಿಸುವ ವ್ರತವಲ್ಲ. ಗೃಹಸ್ಥನು ಹಿಂಸೆಯನ್ನು ಪೂರ್ಣವಾಗಿ ಬಿಡಲಾರ. ಕಾದ ಕಬ್ಬಿಣದ ಗುಂಡು ಉರುಳಿದಲ್ಲೆಲ್ಲ ಸುಡುವಂತೆ ಅವನು ಹೋದಲ್ಲೆಲ್ಲ ಜೀವಗಳಿಗೆ ಬಾಧೆಯಾಗುತ್ತದೆ. ಆದಕಾರಣ ಆ ಗುಂಡು ಉರುಳುವ ಅಂಗಳವನ್ನಾದರೂ ಚಿಕ್ಕದು ಮಾಡಿಕೊಳ್ಳಲಿ ಎಂಬುದು ಶಾಸ್ತ್ರಕಾರರ ಕಾರುಣ್ಯ. ಪ್ರಸಿದ್ಧವಾದ ಸಮುದ್ರ, ನದಿ, ಪರ್ವತ, ದೇಶಗಳನ್ನು ಎಲ್ಲೆಯಾಗಿಟ್ಟುಕೊಂಡು ಅದರಾಚೆಗೆ ಹೋಗದಿರುವವನ ಅಣುವ್ರತಗಳು, ಆ ಎಲ್ಲೆಯ ಹೊರಗಿನ ಪ್ರದೇಶದ ಮಟ್ಟಿಗೆ, ಮಹಾವ್ರತದ ಸ್ಥಿತಿಗೆ ಏರುತ್ತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಎಲ್ಲೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಅವರು ವಿಧಿಸಲಿಲ್ಲ. ಅದನ್ನು ಶ್ರಾವಕನೇ ನಿರ್ಧರಿಸಬೇಕು. ಕೆನ್ಯಾ ಒಳಗೆ ಬರುವಂತೆ ಎಲ್ಲೆ ಹಾಕಿಕೊಂಡರೂ ಅದು ದಿಗ್ವ್ರತವೇ. ಎಲ್ಲೆಯೇ ಇಲ್ಲದಿದ್ದರೆ ಹುಬ್ಬಳ್ಳಿ ಬಿಟ್ಟು ಕದಲದವನಿಗೂ ಆ ವ್ರತವಿಲ್ಲ.

ಜೈನ ವರ್ತಕರು ಎಂದೂ ಮನೆಯಲ್ಲಿ ಕುಳಿತವರಲ್ಲ. ಚಾರುದತ್ತನ ಕಥೆಯಿಂದ ಮೊದಲುಗೊಂಡು ಪುರಾಣಗಳಲ್ಲಿ ಹಡಗನ್ನೇರಿದ ಶ್ರೇಷ್ಠಿಪುತ್ರರು ಹಲವರು. 1893ರಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದಾಗ, ಮುನಿಧರ್ಮದ ನಿಯಮದಂತೆ ತಾವು ಸಮುದ್ರ ದಾಟಲಾಗದ ಕಾರಣ ಆಚಾರ್ಯ ವಿಜಯಾನಂದಸೂರಿಗಳು ಗೃಹಸ್ಥರಾದ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಅದಕ್ಕೆ ಐದು ವರ್ಷ ಮೊದಲು, 1888ರಲ್ಲಿ, ಮೋಹನದಾಸ ಗಾಂಧಿಯವರು ಇಂಗ್ಲೆಂಡಿಗೆ ಹೊರಡುವ ಮುನ್ನ ಜೈನಮುನಿ ಬೇಚರ್ಜಿ ಸ್ವಾಮಿಗಳ ಸಮ್ಮುಖದಲ್ಲಿ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ಮುಟ್ಟೆನೆಂದು ಪ್ರತಿಜ್ಞೆ ಮಾಡಿದ್ದು ಪ್ರಸಿದ್ಧ. ತಾಯಿ ಪುತಳೀಬಾಯಿಗೆ ಬೇಕಾಗಿದ್ದದ್ದು ಮಗ ಹೋಗದಿರುವುದಲ್ಲ, ಹೋಗುವವನ ಜೊತೆಯಲ್ಲಿ ವ್ರತವೂ ಹೋಗುವುದು. ಕೆನ್ಯಾದ ಮಾತನ್ನೇ ತೆಗೆದುಕೊಂಡರೂ, ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ದಡದವರೆಗೆ 1896ರಿಂದ 1901ರ ನಡುವೆ ರೈಲುಹಾದಿ ಹಾಕಿದವರು ಬಹುಪಾಲು ಭಾರತದ ಕೂಲಿಕಾರರು. ಅದೇ ಕಾಲದಿಂದ ಜಾಮನಗರದ ಸುತ್ತಲಿನ ಹಳ್ಳಿಗಳ ಓಶವಾಳ ಜೈನರು ಅಲ್ಲಿ ಅಂಗಡಿಗಳನ್ನು ತೆರೆದರು. ಮೊಂಬಾಸಾದಲ್ಲಿಯೂ ನೈರೋಬಿಯಲ್ಲಿಯೂ ಜಿನಮಂದಿರಗಳಿವೆ. ಆದ್ದರಿಂದ ದೂರವೇ ದೋಷವೆಂಬ ವಾದ ನಿಲ್ಲುವುದಿಲ್ಲ. ವಿಚಾರಣೀಯವಾದದ್ದು ಪ್ರಯೋಜನ.

ಇಲ್ಲಿ ಇನ್ನೊಂದು ವ್ರತ ಎದುರಾಗುತ್ತದೆ, ಅನರ್ಥದಂಡ ವ್ರತ. ಅರ್ಥವಿದ್ದು ಮಾಡುವ ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಅರ್ಥವಿಲ್ಲದೆ ಮಾಡುವುದು ಅನರ್ಥದಂಡ. ಸುಮ್ಮನೆ ತಿರುಗಾಡುವುದನ್ನೂ ಆಚಾರ್ಯರು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಹಾಗಾದರೆ ವಿಹಾರವೆಲ್ಲ ಅನರ್ಥವೇ? ಈ ಶಬ್ದದ ಗತಿಯೇ ವಿಚಿತ್ರವಾದದ್ದು. ಮುನಿಗಳಿಗೆ ವಿಹಾರವೆಂದರೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಬರಿಗಾಲಲ್ಲಿ ನಡೆಯುವುದು. ಗೃಹಸ್ಥರ ಬಾಯಲ್ಲಿ ಅದೇ ಶಬ್ದ ಕಾಲು ನೆಲಕ್ಕೆ ಸೋಕದಂತೆ ಸಾವಿರಾರು ಮೈಲಿ ಹೋಗುವುದಾಗಿದೆ. ಆದರೂ ಮಕ್ಕಳಿಗೆ ಪ್ರಪಂಚದ ಪ್ರಾಣಿವೈವಿಧ್ಯವನ್ನು ಕಣ್ಣಾರೆ ತೋರಿಸುವುದಕ್ಕೆ ಅರ್ಥವೇ ಇಲ್ಲವೆಂದು ಹೇಳುವುದು ಅವಸರದ ಮಾತು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಭೇದಗಳನ್ನು ಕಂಠಪಾಠ ಮಾಡುವ ಮಗು, ಒಂದು ಆನೆಹಿಂಡಿನಲ್ಲಿ ಮರಿಯನ್ನು ನಡುವೆ ಬಿಟ್ಟು ಸುತ್ತ ನಿಂತ ತಾಯಂದಿರನ್ನು ಕಂಡರೆ, ಜೀವವೆಂಬ ಶಬ್ದ ಅದಕ್ಕೆ ಬೇರೆಯೇ ಆದೀತು. ಇದು ಅರ್ಥವೇ. ಆದರೆ ಆ ಅರ್ಥ ಯೋಜನೆಯಲ್ಲಿ ನಿಜವಾಗಿ ಇದೆಯೋ, ಅಥವಾ ಅದು ಅಜ್ಜಿಗೆ ಹೇಳಲಿಕ್ಕೆ ಇಟ್ಟುಕೊಂಡ ಕಾರಣವೋ ಎಂಬುದನ್ನು ಯೋಜನೆಯ ವಿವರಗಳಲ್ಲೇ ನೋಡಬೇಕು.

ಯೋಜನೆಯೆಂಬುದು ಜೈನದೃಷ್ಟಿಯಲ್ಲಿ ಹಗುರವಾದ ವಿಷಯವಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕ್ರಿಯೆಯ ಮೂರು ಹಂತಗಳನ್ನು ಹೇಳುತ್ತದೆ: ಸಂರಂಭ, ಸಮಾರಂಭ, ಆರಂಭ. ಮಾಡಬೇಕೆಂಬ ಸಂಕಲ್ಪ ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ, ತೊಡಗುವುದು ಆರಂಭ. ಕನ್ನಡದಲ್ಲಿ ಸಮಾರಂಭವೆಂದರೆ ಹಾರತುರಾಯಿಗಳ ಸಭೆ. ಶಾಸ್ತ್ರದಲ್ಲಿ ಅದು ಕಾರ್ಯಕ್ಕೆ ಕೈಹಾಕುವ ಮೊದಲೇ ಖಾತೆಗೆ ಬೀಳುವ ಹೊರೆ. ಈ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದ, ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಿಂದ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಿಂದ ಗುಣಿಸಿದರೆ 108 ಆಗುತ್ತದೆ. ವಿಮಾನವನ್ನು ಹತ್ತುವ ಹೊತ್ತಿಗೆ ಪ್ರವಾಸಿಯ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಬರೆದಾಗಿರುತ್ತದೆ. ಆದಕಾರಣ ಹೋಗಿಬಂದ ಮೇಲೆ ಆಲೋಚನೆ ಮಾಡುವುದಕ್ಕಿಂತ ಹೊರಡುವ ಮೂರು ತಿಂಗಳ ಮೊದಲು ಮಾಡುವುದು ಹೆಚ್ಚು ಲಾಭದಾಯಕ.

ಮೊದಲ ಪ್ರಶ್ನೆ ಕಾಲದ್ದು. ದನದ ಮುಖವೂ ಕುದುರೆಯ ಬಾಲವೂ ಇರುವ ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಗಳು ಹತ್ತು ಲಕ್ಷಕ್ಕೂ ಮಿಕ್ಕಿ, ಜೀಬ್ರಾಗಳ ಸಂಗಡ, ಮಳೆಯನ್ನೂ ಹಸಿಹುಲ್ಲನ್ನೂ ಅರಸಿ ತಾಂಜಾನಿಯಾದ ಸೆರೆಂಗೆಟಿಯಿಂದ ಉತ್ತರಕ್ಕೆ ಬರುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿಯನ್ನು ದಾಟುತ್ತವೆ. ಪ್ರವಾಸಿಗಳು ಮುಗಿಬೀಳುವುದು ಆ ತಿಂಗಳುಗಳಿಗೇ. ಜೈನ ಪಂಚಾಂಗವನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಚಾತುರ್ಮಾಸ. ಮುನಿಗಳು ನಡೆಯುವುದನ್ನೇ ನಿಲ್ಲಿಸಿ ಒಂದೆಡೆ ನೆಲಸುವ ಕಾಲ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬರುವ ಕಾಲ. ಮಕ್ಕಳ ರಜೆಯೋ ಏಪ್ರಿಲ್-ಮೇ ತಿಂಗಳಲ್ಲಿ. ಆಗ ಕೆನ್ಯಾದಲ್ಲಿ ದೀರ್ಘ ಮಳೆಗಾಲ, ಕಪ್ಪುಮಣ್ಣಿನ ದಾರಿಗಳಲ್ಲಿ ಜೀಪು ಹೂತುಕೊಳ್ಳುತ್ತದೆ. ಉಳಿಯುವುದು ದಸರಾ ರಜೆ. ಅದೂ ಚಾತುರ್ಮಾಸದೊಳಗೇ ಇದೆ, ಆದರೆ ಪರ್ವ ಮುಗಿದಿರುತ್ತದೆ. ಜನವರಿ-ಫೆಬ್ರವರಿಯಲ್ಲಿ ಹೋಗಿ ದಕ್ಷಿಣ ಸೆರೆಂಗೆಟಿಯಲ್ಲಿ ಲಕ್ಷಾಂತರ ಕರುಗಳು ಹುಟ್ಟುವುದನ್ನು ನೋಡುವುದು ಶ್ರಾವಕನಿಗೆ ತಕ್ಕದ್ದೆಂದು ಯಾರಾದರೂ ಹೇಳಬಹುದು. ಮಾತು ಚೆನ್ನಾಗಿದೆ. ಆದರೆ ಕರು ಹುಟ್ಟುವಲ್ಲಿ ಕತ್ತೆಕಿರುಬವೂ ಕಾದಿರುತ್ತದೆ. ಶಾಲೆಯ ಪರೀಕ್ಷೆಗಳೂ ಹತ್ತಿರವಿರುತ್ತವೆ. ಸಂಸಾರದಲ್ಲಿ ನಿರ್ದೋಷವಾದ ಮುಹೂರ್ತ ಸಿಕ್ಕುವುದಿಲ್ಲ.

ಎರಡನೆಯ ಪ್ರಶ್ನೆ ಸೂಜಿಯದು. ಕೆನ್ಯಾದಿಂದ ಭಾರತಕ್ಕೆ ಮರಳುವವರು ಹಳದಿಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವನ್ನು ತೋರಿಸಬೇಕು. ಹಾಕಿಸಿಕೊಂಡ ಹತ್ತು ದಿನಗಳ ನಂತರ ಅದು ಊರ್ಜಿತವಾಗುತ್ತದೆ. 2016ರಿಂದ ಅದು ಜೀವಮಾನಪೂರ್ತಿ ನಡೆಯುತ್ತದೆ. ಪತ್ರವಿಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸ. ಈ ಲಸಿಕೆಯನ್ನು ಬೆಳೆಸುವುದು ಭ್ರೂಣವಿರುವ ಕೋಳಿಮೊಟ್ಟೆಗಳಲ್ಲಿ. ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಅದನ್ನು ಸಿದ್ಧಪಡಿಸಿ 1951ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಮೊಟ್ಟೆಯ ಕೇಕನ್ನು ಮನೆಯೊಳಗೆ ತಾರದ ತಾಯಿ ಇದನ್ನು ತಿಳಿದರೆ ತಲ್ಲಣಿಸುವುದು ಸಹಜ. ಬಹಳಷ್ಟು ಮಂದಿಗೆ ಇದು ತಿಳಿದೇ ಇರುವುದಿಲ್ಲ.

ಇಲ್ಲಿ ವ್ಯಾಪಾರಿಯ ರೀತಿಯ ವಿಚಾರವೇ ಸರಿಯಾದದ್ದು: ಖರ್ಚು ಯಾವ ಖಾತೆಗೆ ಸೇರಿದ್ದು? ಊರಿಗೆ ಬಂದ ರೋಗದಿಂದ ಮಗುವನ್ನು ಉಳಿಸಲು ಹಾಕಿಸಿದ ಲಸಿಕೆಯು ಆತ್ಮರಕ್ಷಣೆಯ ಖಾತೆಯದು. ಗೃಹಸ್ಥನಿಗೆ ಅದರಲ್ಲಿ ಅಳುಕು ಬೇಕಿಲ್ಲ. ಈ ಲಸಿಕೆಯ ಅಗತ್ಯವನ್ನಾದರೋ ಪ್ರವಾಸವೇ ಹುಟ್ಟಿಸಿದೆ. ಆದ್ದರಿಂದ ಅದನ್ನು ಪ್ರವಾಸದ ಖಾತೆಗೇ ಬರೆಯಬೇಕು, ಔಷಧದ ಖಾತೆಗೆ ವರ್ಗಾಯಿಸಿ ಮನಸ್ಸನ್ನು ಸಮಾಧಾನಪಡಿಸಿಕೊಳ್ಳಬಾರದು. ಆದರೆ ಜಮೆಯ ಕಡೆಗೂ ಒಂದು ಬರಹವಿದೆ. ಹಳದಿಜ್ವರ ಭಾರತದಲ್ಲಿ ಇಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಎಲ್ಲೆಡೆ ಇದೆ. ಹಿಂದಿರುಗುವವನು ಆ ರೋಗವನ್ನು ಮೈಯಲ್ಲಿ ಹೊತ್ತು ತಂದರೆ ಕೋಟ್ಯಂತರ ಜನರಿಗೆ ಅಪಾಯ. ಹೋಗುವುದೆಂದು ನಿಶ್ಚಯಿಸಿದ ಮೇಲೆ ಸೂಜಿಯನ್ನು ತಪ್ಪಿಸಿಕೊಳ್ಳಲು ದಾರಿ ಹುಡುಕುವುದು ಅಹಿಂಸೆಯಲ್ಲ, ಅದರ ವಿರುದ್ಧವಾದದ್ದು. ಮಲೇರಿಯಾದ ವಿಷಯ ಇಷ್ಟು ಕಠಿಣವಲ್ಲ: ವೈದ್ಯರು ಹೇಳಿದ ಮಾತ್ರೆ, ತುಂಬುತೋಳಿನ ಬಟ್ಟೆ, ಸೊಳ್ಳೆಪರದೆ. ಪರದೆಯಷ್ಟು ಜೈನವಾದ ಆಯುಧ ಮತ್ತೊಂದಿಲ್ಲ. ಅದು ಇಬ್ಬರನ್ನೂ ಕಾಯುತ್ತದೆ.

ಇನ್ನು ಹಣ. 2024ರಿಂದ ಜಾರಿಗೆ ಬಂದ ದರದಂತೆ ಮಸಾಯಿ ಮಾರಾ ಪ್ರವೇಶಕ್ಕೆ ಹೊರದೇಶದ ವಯಸ್ಕನೊಬ್ಬನು ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರು, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರು ತೆರಬೇಕು; ಒಂಬತ್ತರಿಂದ ಹದಿನೇಳು ವರ್ಷದ ಮಕ್ಕಳಿಗೆ 50. ಹುಬ್ಬಳ್ಳಿಯ ನಾಲ್ವರಿಗೆ ದಸರೆಯಲ್ಲಿ ದಿನಕ್ಕೆ 500, ಮೂರು ದಿನಕ್ಕೆ 1,500 ಡಾಲರು. ಇದು ಬಾಗಿಲು ದಾಟುವುದಕ್ಕೆ ಮಾತ್ರ. ಮುಂಬಯಿಯಿಂದ ನೈರೋಬಿಗೆ ಸುಮಾರು 4,500 ಕಿಲೋಮೀಟರು, ಆರು ಗಂಟೆಯ ವಿಮಾನ. ಅಲ್ಲಿಂದ ಮಾರಾಕ್ಕೆ ಜೀಪಿನಲ್ಲಿ ಐದಾರು ಗಂಟೆ. ಬಿಡಾರದ ಬಾಡಿಗೆ ಬೇರೆ. ಪರಿಗ್ರಹ ಪರಿಮಾಣ ಮಾಡಿಕೊಂಡವನಿಗೆ ಇದು ಪರೀಕ್ಷೆಯಾದೀತು; ಆದರೆ ಬೆಲೆಯ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಮೊತ್ತವಲ್ಲ, ವ್ಯತ್ಯಾಸ. ಆನೆ, ಜಿರಾಫೆ, ಸಿಂಹಗಳು ವರ್ಷವಿಡೀ ಅಲ್ಲೇ ಇರುತ್ತವೆ. ವೈಲ್ಡ್‌ಬೀಸ್ಟ್ ಹಿಂಡು ಬರುವ ತಿಂಗಳುಗಳು ದುಪ್ಪಟ್ಟು ಬೆಲೆಯ ಅವಧಿಯಲ್ಲಿವೆ. ಆ ಹೆಚ್ಚಿನ ಬೆಲೆಗೆ ಮಾರಾಟವಾಗುವ ಸರಕೇನು? ಸಾವಿರಾರು ಪ್ರಾಣಿಗಳು ನದಿಗೆ ಧುಮುಕುವುದು; ನೀರಿನಲ್ಲಿ ಮೊಸಳೆ, ದಡದಲ್ಲಿ ಸಿಂಹ. ಪ್ರವಾಸದ ಕರಪತ್ರಗಳ ಚಿತ್ರಗಳು ಇದನ್ನು ಮುಚ್ಚಿಡುವುದೂ ಇಲ್ಲ.

ಇಲ್ಲಿಗೆ ನಿಜವಾದ ಪ್ರಶ್ನೆ ಬಂತು. ಯೋಜನೆಯ ಮಾತು ನಡೆದಿರುವಾಗ ಹುಡುಗ ಕೇಳಿಯೇ ಕೇಳುತ್ತಾನೆ: "ಅಪ್ಪಾ, ಸಿಂಹ ಬೇಟೆ ಆಡೋದು ನಮಗ ನೋಡ್ಲಿಕ್ಕೆ ಸಿಗ್ತದೇನು?" ತಂದೆ ಏನು ಹೇಳಬೇಕು? ಸಿಗಲಿ ಎಂದು ಆಶಿಸಬೇಕೆ? ಒಂದು ಪ್ರಾಣಿಯ ವಧೆ, ಬಂಧನ, ಅಂಗಚ್ಛೇದಗಳಾಗಲಿ ಎಂದು ರಾಗದಿಂದಲೋ ದ್ವೇಷದಿಂದಲೋ ಚಿಂತಿಸುವುದನ್ನು ಆಚಾರ್ಯರು ಅಪಧ್ಯಾನವೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಬೆಳಗಿನ ಐದೂವರೆಗೆ ಎದ್ದು, ಇಂದಾದರೂ ಒಂದು ಬೇಟೆ ಕಾಣಿಸಲಿ ಎಂದು ಜೀಪನ್ನೇರಿ ಕುಳಿತ ಕುಟುಂಬದ ಮನಸ್ಸಿನಲ್ಲಿರುವುದು ಇನ್ನೇನು? ಅವರು ಯಾರನ್ನೂ ಕೊಲ್ಲುವುದಿಲ್ಲ. ಒಂದು ಹುಲ್ಲುಕಡ್ಡಿಯನ್ನೂ ಕೀಳುವುದಿಲ್ಲ. ಆದರೆ ಒಂದು ಜೀವ ಸಾಯಲಿ ಎಂದು ಹಾರೈಸುತ್ತಾರೆ, ಅದು ಸಾಯದ ದಿನ ಹಣ ವ್ಯರ್ಥವಾಯಿತೆಂದು ಕೊರಗುತ್ತಾರೆ.

ಆರಾಧನಾ ಕಥೆಗಳಲ್ಲಿ ಬರುವ ತಂದುಲಮತ್ಸ್ಯವನ್ನು ಇಲ್ಲಿ ನೆನೆಯದೆ ಇರಲಾಗದು. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮೀನೊಂದು ಅಲ್ಲಿಯ ಕೊಳೆ ತಿಂದು ಬದುಕಿತ್ತು. ಮಹಾಮತ್ಸ್ಯವು ಬಾಯ್ದೆರೆದು ಮಲಗಿದಾಗ ಅಸಂಖ್ಯ ಜಲಚರಗಳು ಅದರ ಬಾಯೊಳಗೆ ಹೊಕ್ಕು ಹೊರಬರುವುದನ್ನು ಕಂಡು, ಇದು ಎಂಥ ಮೂಢ, ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಚಿಂತಿಸುತ್ತಿತ್ತು. ಒಂದು ಜೀವಿಯನ್ನೂ ತಿನ್ನದೆ, ತಿನ್ನುವ ಶಕ್ತಿಯೂ ಇಲ್ಲದೆ, ಆ ಪರಿಣಾಮದಿಂದಲೇ ಅದು ಮಹಾಮತ್ಸ್ಯವು ಹೋದ ಏಳನೆಯ ನರಕಕ್ಕೇ ಹೋಯಿತು. ಪಾಠಶಾಲೆಯಲ್ಲಿ ಮಕ್ಕಳು ಈ ಕಥೆಗೆ ನಗುತ್ತಾರೆ. ಇಷ್ಟು ಚಿಕ್ಕ ಮೀನಿಗೆ ಅಷ್ಟು ದೊಡ್ಡ ಶಿಕ್ಷೆಯೇ ಎನ್ನುತ್ತಾರೆ. ಸಿಂಹದಿಂದ ಇಪ್ಪತ್ತು ಗಜ ದೂರದಲ್ಲಿ ದುರ್ಬೀನು ಹಿಡಿದು ಕುಳಿತವನಿಗೂ ಸಿಂಹಕ್ಕೂ ಇರುವ ಸಂಬಂಧ ಆ ಕಥೆಯಲ್ಲಿ ಇರುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಇಲ್ಲ. ಸಿಂಹಕ್ಕಾದರೂ ಹಸಿವಿದೆ.

ಇದಕ್ಕೆ ಪ್ರತಿವಾದವಿದೆ, ಅದು ಬಲವಾದದ್ದೇ. ಬೇಟೆ ಪ್ರವಾಸಿಗಾಗಿ ನಡೆಯುವುದಿಲ್ಲ, ಅವನಿಲ್ಲದಿದ್ದರೂ ನಡೆಯುತ್ತದೆ. ಅಲ್ಲದೆ ಕೆನ್ಯಾ ಸರಕಾರವು 1977ರಲ್ಲಿ ಮೋಜಿನ ಬೇಟೆಯನ್ನು ನಿಷೇಧಿಸಿತು. ಅಂದಿನಿಂದ ಆ ಪ್ರಾಣಿಗಳಿಗೆ ಆದಾಯ ತಂದು ಕಾಪಾಡುತ್ತಿರುವವನು ಬಂದೂಕಿನವನಲ್ಲ, ಕ್ಯಾಮೆರಾದವನು. ಮೀಸಲು ಪ್ರದೇಶದ ಸುತ್ತಲಿನ ಮಸಾಯಿ ಜನರು ತಮ್ಮ ಭೂಮಿಯನ್ನು ಉಳುಮೆಗೂ ಬೇಲಿಗೂ ಒಡ್ಡದೆ ವನ್ಯಜೀವಿಗಳಿಗೆ ಬಿಟ್ಟುದಕ್ಕಾಗಿ ಪ್ರವಾಸೋದ್ಯಮದಿಂದ ಗೇಣಿ ಪಡೆಯುತ್ತಾರೆ. ಪ್ರವಾಸಿಗಳು ಬಾರದಿದ್ದರೆ ಆ ಹುಲ್ಲುಗಾವಲು ಬಹುಕಾಲ ಉಳಿಯದು. ಹಾಗಾಗಿ ಆ 1,500 ಡಾಲರುಗಳಲ್ಲಿ ಜೀವದಯೆಯ ಪಾಲೂ ಇದೆ ಎಂಬುದನ್ನು ಒಪ್ಪಬೇಕು. ಗೋಶಾಲೆಗೆ ಕೊಟ್ಟ ದಾನದಷ್ಟು ನೇರವಲ್ಲ, ಆದರೆ ಇಲ್ಲವೆನ್ನಲಾಗದು.

ಆದರೆ ಪ್ರವಾಸಿ ಬರಿಯ ಸಾಕ್ಷಿ ಎಂಬ ಮಾತು ಪೂರ್ತಿ ನಿಜವಲ್ಲ. ಚೀತಾ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ. ಆದ್ದರಿಂದ ಜೀಪುಗಳ ಮುತ್ತಿಗೆಗೆ ಹೆಚ್ಚು ಸಿಕ್ಕುವುದೂ ಅದೇ. ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಪ್ರವಾಸಿಗರ ಸಂಚಾರ ಹೆಚ್ಚಿರುವ ಕಡೆಗಳಲ್ಲಿ ತಾಯಿ ಚೀತಾ ಒಂದು ಸೂಲಿನಲ್ಲಿ ಸ್ವತಂತ್ರವಾಗಿ ಬದುಕುವ ವಯಸ್ಸಿನವರೆಗೆ ಬೆಳೆಸಿದ ಮರಿಗಳ ಸರಾಸರಿ 0.2, ಸಂಚಾರ ಕಡಿಮೆಯಿರುವೆಡೆ 2.3. ಮರಿಗಳನ್ನು ನೋಡಲು ಹೋದವರಿಂದಲೇ ಮರಿಗಳಿಲ್ಲವಾಗುವುದು ಎಂದರೆ ಇದೇ. 2025ರ ಜುಲೈಯಲ್ಲಿ ಸೆರೆಂಗೆಟಿಯಲ್ಲಿ ಪ್ರವಾಸಿಗರು ವಾಹನದಿಂದ ಇಳಿದು ನದಿ ದಾಟುವ ಹಿಂಡಿನ ದಾರಿಗೇ ಅಡ್ಡ ನಿಂತ ಚಿತ್ರಗಳು ಲೋಕವೆಲ್ಲ ಹರಡಿ ಟೀಕೆಗೆ ಗುರಿಯಾದವು. ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದೆಂಬ ನಿಯಮ ಮಾರಾದಲ್ಲಿದೆ. ಚಾಲಕರು ಅದನ್ನು ಮುರಿಯುವುದು ತಮ್ಮ ಚಟಕ್ಕಾಗಿ ಅಲ್ಲ, ಸಮೀಪದಿಂದ ಕಂಡವನು ಭಕ್ಷೀಸು ಹೆಚ್ಚು ಕೊಡುತ್ತಾನೆಂಬ ಕಾರಣಕ್ಕಾಗಿ. ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವು ಎಷ್ಟು ಸೂಕ್ಷ್ಮವಾದದ್ದೆಂದು ಇಲ್ಲಿ ಗೊತ್ತಾಗುತ್ತದೆ. ಸೀಟಿನಲ್ಲಿ ಸುಮ್ಮನೆ ಕುಳಿತವನ ಜೇಬಿನ ನೋಟು ಜೀಪನ್ನು ಓಡಿಸುತ್ತದೆ.

ಯೋಜನೆಯಲ್ಲಿ ಮಾಡಬಹುದಾದದ್ದು ಈ ಸ್ಥಳದಲ್ಲಿ ನಿಶ್ಚಿತವಾಗಿದೆ. ಏಜೆಂಟನಿಗೆ ಬರೆಯುವ ಪತ್ರದಲ್ಲಿಯೇ ಮೂರು ಮಾತು ಸೇರಿಸಬಹುದು: ಬೇಟೆ ನಡೆಯುವ ಕಡೆಗೆ ರೇಡಿಯೋ ಕರೆ ಬಂದರೆ ಜೀಪನ್ನು ಅತ್ತ ತಿರುಗಿಸಬೇಕಾಗಿಲ್ಲ; ಚೀತಾ ಮರಿಗಳಿದ್ದಲ್ಲಿ ನಿಲ್ಲಬೇಕಾಗಿಲ್ಲ; ಚಾಲಕನ ಭಕ್ಷೀಸು ದಿನಕ್ಕೆ ಇಷ್ಟೆಂದು ಮೊದಲೇ ನಿಶ್ಚಿತ, ಏನು ಕಂಡರೂ, ಕಾಣದಿದ್ದರೂ. ಏಜೆಂಟನು ಇದನ್ನೋದಿ ನಕ್ಕಾನು. ನಗಲಿ. ಇಂಥ ಗಿರಾಕಿಗಳು ಪ್ರತಿ ವರ್ಷ ನೂರು ಮಂದಿ ಬಂದರೆ ಅವನೇ ಅದನ್ನು ಕರಪತ್ರದಲ್ಲಿ ಅಚ್ಚುಹಾಕಿಸುತ್ತಾನೆ.

ಇಷ್ಟಾದರೂ ಕಣ್ಣೆದುರಿಗೇ ಬೇಟೆ ನಡೆದುಹೋದರೆ? ಮಕ್ಕಳ ಕಣ್ಣು ಮುಚ್ಚಬೇಕೆಂಬುದು ಸರಿತೋರುವುದಿಲ್ಲ. ಬಸದಿಯ ಗೋಡೆಯ ಮೇಲೆ ಸಿಂಹವೂ ಹಸುವೂ ಒಂದೇ ಪಾತ್ರೆಯಲ್ಲಿ ನೀರು ಕುಡಿಯುವ ಚಿತ್ರವನ್ನು ನೋಡಿ ಬೆಳೆದ ಮಗು, ನಿಜವಾದ ಸಿಂಹ ಹಾಗಲ್ಲವೆಂದು ಒಂದು ದಿನ ತಿಳಿಯಲೇಬೇಕು. ಆ ಚಿತ್ರ ಕಾಡಿನ ವರ್ಣನೆಯಲ್ಲ, ಸಮವಸರಣದ ವರ್ಣನೆ. ಹಾಗೆಂದು ಸಿಂಹವನ್ನು ಕ್ರೂರಿಯೆಂದು ಹಳಿಯುವುದೂ, ಅದು ಬುದ್ಧಿಯಿಲ್ಲದ ಯಂತ್ರವೆಂದು ಹೇಳಿ ಕೈತೊಳೆದುಕೊಳ್ಳುವುದೂ ಜಿನಾಗಮಕ್ಕೆ ಸಮ್ಮತವಲ್ಲ. ಸಿಂಹ ಸಂಜ್ಞಿ ಪಂಚೇಂದ್ರಿಯ; ಸಮ್ಯಕ್ತ್ವವನ್ನೂ ಅಣುವ್ರತಗಳನ್ನೂ ಪಡೆಯಬಲ್ಲ ಜೀವ. ಭಗವಾನ್ ಮಹಾವೀರರ ಜೀವವೇ ಹಲವು ಭವಗಳ ಹಿಂದೆ ಸಿಂಹವಾಗಿತ್ತೆಂಬ ವೃತ್ತಾಂತ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿದೆ. ಆ ಸಿಂಹವು ಜಿಂಕೆಯನ್ನು ಕೊಂದು ತಿನ್ನುತ್ತಿರುವಾಗ ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ಇಬ್ಬರು ಚಾರಣಮುನಿಗಳು ಅದನ್ನು ಕಂಡರು. ಅವರೂ ನೋಡಿದರು, ದೂರದೇಶದಿಂದ, ಮೇಲಿನಿಂದ, ಅಪಾಯವಿಲ್ಲದೆ. ಆದರೆ ಕೆಳಗಿಳಿದು ಬಂದು ಅದರೊಡನೆ ಮಾತಾಡಿದರು. ಸಿಂಹದ ಕಣ್ಣಿನಲ್ಲಿ ನೀರು ಬಂತು. ಅದು ಆಹಾರವನ್ನು ಬಿಟ್ಟು ವ್ರತದಲ್ಲಿ ನಿಂತು ದೇವಗತಿಗೆ ಹೋಯಿತು. ಜೀಪಿನಲ್ಲಿ ಕುಳಿತವರಿಗೆ ಚಾರಣಋದ್ಧಿ ಇಲ್ಲ, ಮಾತು ಸಿಂಹಕ್ಕೆ ತಿಳಿಯುವುದೂ ಇಲ್ಲ. ಹನ್ನೆರಡು ವರ್ಷದ ಹುಡುಗನಿಗೆ ತಿಳಿಯುತ್ತದೆ. ಆ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಟ್ಟು ನವಕಾರ ಮಂತ್ರವನ್ನು ಮೆಲ್ಲಗೆ ಹೇಳುವ ತಂದೆಯೂ, ಎದ್ದುನಿಂತು ಚಪ್ಪಾಳೆ ತಟ್ಟುವ ತಂದೆಯೂ ಒಂದೇ ದೃಶ್ಯವನ್ನು ತೋರಿಸಿದವರಲ್ಲ.

ಮಕ್ಕಳಿಗೆ ವ್ರತ ಹೇರಬಹುದೇ ಎಂಬ ಸಂದೇಹ ಉಳಿಯುತ್ತದೆ. ಎಂಟು ವರ್ಷ ತುಂಬಿದ ಮೇಲೆ ವ್ರತಗ್ರಹಣದ ಯೋಗ್ಯತೆ ಬರುತ್ತದೆಂದು ಶಾಸ್ತ್ರ ಒಪ್ಪುತ್ತದೆ. ಆದರೆ ಯೋಗ್ಯತೆಯಿರುವುದು ಬೇರೆ, ಒಪ್ಪಿಗೆಯಿರುವುದು ಬೇರೆ. ಒಂಬತ್ತು ವರ್ಷದ ಮಗಳಿಗೆ ಜೀವಮಾನದ ದಿಗ್ವ್ರತ ಕೊಡುವುದು ಅವಳ ಮುಂದಿನ ಬದುಕನ್ನು ತಂದೆಯೇ ಅಳೆದಂತೆ. ದೇಶಾವಕಾಶಿಕ ವ್ರತ ಇದಕ್ಕೆ ಹೆಚ್ಚು ಹೊಂದುತ್ತದೆ. ಅದು ಸ್ಥಳಕ್ಕೂ ಕಾಲಕ್ಕೂ ಮಿತಿಯುಳ್ಳದ್ದು, ಒಂದು ದಿನ, ಪಕ್ಷ, ತಿಂಗಳಿಗೆ ತೆಗೆದುಕೊಳ್ಳಬಹುದಾದದ್ದು. ಪ್ರವಾಸದ ಒಂಬತ್ತು ದಿನಗಳಿಗೆ ಕುಟುಂಬವೆಲ್ಲ ಕುಳಿತು ಎಲ್ಲೆ ಗೊತ್ತುಮಾಡಲಿ. ಭೂಪಟದ ಮೇಲೆ ಗೆರೆಯನ್ನು ಮಕ್ಕಳೇ ಎಳೆಯಲಿ. ಪಶ್ಚಿಮಕ್ಕೆ ಮಾರಾ ನದಿ, ಪೂರ್ವಕ್ಕೆ ಮೊಂಬಾಸಾದ ಕಡಲದಂಡೆ, ಉತ್ತರಕ್ಕೆ ನೈರೋಬಿ. ಊರ್ಧ್ವದಿಕ್ಕಿಗೆ ವಿಮಾನ ಅನಿವಾರ್ಯ. ಬೆಂಕಿಯುರಿಸಿ ಹಾರಿಸುವ ಬಿಸಿಗಾಳಿಯ ಬಲೂನು ಬೇಡ. ಹುಡುಗ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಬಲೂನಿನ ಚಿತ್ರವನ್ನು ಅವನು ಆಗಲೇ ನೋಡಿರುತ್ತಾನೆ. ಅವನೊಡನೆ ವಾದಿಸಬೇಕು. ಗೆದ್ದರೆ ಒಳ್ಳೆಯದು, ಸೋತರೆ ಬಲೂನನ್ನು ಎಲ್ಲೆಯ ಒಳಗೆ ಬರೆದುಕೊಂಡು ಹತ್ತುವುದು, ಬೇಡವೆಂದು ಬರೆದು ಅಲ್ಲಿ ಹೋದಮೇಲೆ ಹತ್ತುವುದಕ್ಕಿಂತ ಮೇಲು. ಮೊದಲನೆಯದು ದೊಡ್ಡ ಎಲ್ಲೆ, ಎರಡನೆಯದು ಊರ್ಧ್ವವ್ಯತಿಕ್ರಮವೆಂಬ ಅತಿಚಾರ.

ಪಾಠಶಾಲೆಯಲ್ಲಿ ಒಣಗಿಹೋದ ಆ ಐದು ಹೆಸರುಗಳು ಇಂಥ ಪ್ರವಾಸದಲ್ಲಿ ಒಂದೊಂದಾಗಿ ಜೀವತಳೆಯುತ್ತವೆ. ನೈರೋಬಿಗೆ ಇಳಿದ ಮೇಲೆ ಏಜೆಂಟನು, ಇಷ್ಟು ದೂರ ಬಂದವರು ಮೂರು ದಿನ ಹೆಚ್ಚು ಮಾಡಿಕೊಂಡು ಜಾಂಜಿಬಾರ್ ದ್ವೀಪವನ್ನೂ ನೋಡಿಬಿಡಿ, ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುತ್ತಾನೆ. ಅದು ಕ್ಷೇತ್ರವೃದ್ಧಿ, ಲೋಭದಿಂದ ಗೆರೆಯನ್ನು ಸರಿಸುವುದು. ಆ ಸಂಭ್ರಮದಲ್ಲಿ, ಗೆರೆ ಎಳೆದಿದ್ದೆವೇ ಎಂದು ತಂದೆ ಹುಬ್ಬುಗಂಟಿಕ್ಕಿ ನೆನಪು ಮಾಡಿಕೊಳ್ಳುತ್ತಾನೆ. ಅದು ಸ್ಮೃತ್ಯಂತರಾಧಾನ. ಮಕ್ಕಳು ಮರೆಯುವುದಿಲ್ಲ, ಗೆರೆ ಎಳೆದವರು ಅವರೇ ಆದ್ದರಿಂದ.

ಆಹಾರದ ವಿಷಯವನ್ನು ಜನ ದೊಡ್ಡದು ಮಾಡುತ್ತಾರೆ. ನಿಜಕ್ಕೂ ಅದು ಸುಲಭ. ನೂರು ವರ್ಷಗಳಿಂದ ಗುಜರಾತಿಗಳು ನೆಲಸಿರುವ ನೈರೋಬಿಯಲ್ಲಿ ಶುದ್ಧ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಗಡ್ಡೆಗೆಣಸು ಬೇಡವೆಂದರೆ ಅಡಿಗೆಯವರಿಗೆ ಅರ್ಥವಾಗುತ್ತದೆ. ತೊಡಕಿರುವುದು ಹೊತ್ತಿನದು. ಭೂಮಧ್ಯರೇಖೆಯ ಬಳಿ ವರ್ಷವಿಡೀ ಸೂರ್ಯ ಆರೂವರೆಯ ಸುಮಾರಿಗೆ ಮುಳುಗುತ್ತಾನೆ, ಬಿಡಾರಗಳಲ್ಲಿ ರಾತ್ರಿಯೂಟ ಅದಾದ ಗಂಟೆಯ ಮೇಲೆ. ಮೀಸಲು ಪ್ರದೇಶದ ಟಿಕೆಟು ಬೆಳಗಿನ ಆರರಿಂದ ಸಂಜೆ ಆರರವರೆಗೆ. ಸಂಜೆಯ ಸುತ್ತಾಟವನ್ನು ಒಂದು ಗಂಟೆ ಮೊದಲೇ ಮುಗಿಸಿ ಬಂದರೆ ಹೊತ್ತಿಗೆ ಮುಂಚೆ ಉಣ್ಣಬಹುದು. ಆದರೆ ಸಿಂಹಗಳು ಚುರುಕಾಗುವುದು ಆ ಒಂದು ಗಂಟೆಯಲ್ಲೇ. ಮನೆಯಲ್ಲಿ ರಾತ್ರಿಭೋಜನ ಬಿಟ್ಟವರು ಇಲ್ಲಿ ಯಾವುದನ್ನು ಬಿಡುತ್ತಾರೆಂಬುದನ್ನು ಮಕ್ಕಳು ಗಮನಿಸುತ್ತಿರುತ್ತಾರೆ. ಬಿಡಾರದವರಿಗೆ ಮೊದಲೇ ಬರೆದು ಬುತ್ತಿ ಕಟ್ಟಿಸಿಕೊಂಡರೆ, ಅಕೇಶಿಯಾ ಮರದ ಕೆಳಗೆ ಜೀಪಿನಲ್ಲೇ ಐದೂಮುಕ್ಕಾಲಿಗೆ ಊಟ ಮುಗಿಸಬಹುದು. ಸಿಂಹವೂ ತಪ್ಪುವುದಿಲ್ಲ, ನಿಯಮವೂ ತಪ್ಪುವುದಿಲ್ಲ.

ವ್ರತದ ಕಾಲಮಿತಿಯನ್ನು ಬರೆದಿಡುವಾಗ ಒಂದು ಎಚ್ಚರಿಕೆ ಬೇಕು. ಮರಳುವ ವಿಮಾನದ ತಾರೀಖನ್ನೇ ಅವಧಿಯಾಗಿ ಬರೆದರೆ, ವಿಮಾನ ತಡವಾಗಿ ಮುಂಬಯಿಯಲ್ಲೋ ನೈರೋಬಿಯಲ್ಲೋ ಒಂದು ರಾತ್ರಿ ಕಾಯಬೇಕಾಗಿ ಬಂದಾಗ ವ್ರತ ಮುಗಿದಿರುತ್ತದೆ, ಪ್ರವಾಸ ಮುಗಿದಿರುವುದಿಲ್ಲ. ಜಾಂಜಿಬಾರಿನ ಏಜೆಂಟನು ಮತ್ತೆ ಫೋನು ಮಾಡುವುದು ಆಗಲೇ. ತಾರೀಖಿನ ಬದಲು ಹುಬ್ಬಳ್ಳಿಯ ಮನೆಯ ಹೊಸ್ತಿಲು ದಾಟುವವರೆಗೆ ಎಂದು ಬರೆಯುವುದು ಕ್ಷೇಮ.